ಗೀಟಮ್ಮನ ಬಂಡೆ

ಹೊಳೆಬಾಗಿಲಿನ ಅಳಿವೆಯಲ್ಲಿ ಕಡಲಿಗೆ ಮುಖ ಮಾಡಿ ನಿಂತ ಕರಿಬಂಡೆಯನ್ನು ಗೀಟಮ್ಮನ ಬಂಡೆ ಎನ್ನುತ್ತಾರೆ. ಅದರಲ್ಲಿ ಆಳೆತ್ತರದ ನಾಲ್ಕು ಗೀಟುಗಳಿವೆ: ಕೆಳಗೆ ಬಾಗಿದ್ದು ಒಂದು, ಮೇಲೆ ಮೂರು. ಕೆಳಗಿನದು ತಾಯಿಯ ಬಾಯಿ, ಮೇಲಿನವು ಕಣ್ಣು, ಮೂಗು ಎಂದು ಊರವರು ಕೈಮುಗಿಯುತ್ತಾರೆ. ನಾನೂ ಮುಗಿದವನೇ. ನಿಜ ತಿಳಿದ ಮೇಲೆ ಕೈ ಮೇಲೇಳಲಿಲ್ಲ.

ಹಿಂದೆ ಒಮ್ಮೆ ಇದು ದೊಡ್ಡ ಬಂದರು. ಚೀನಾದ ಹಡಗುಗಳು ಪಿಂಗಾಣಿ, ರೇಷ್ಮೆ ತಂದು ಮೆಣಸು ಒಯ್ಯುತ್ತಿದ್ದವು. ಅಂಥ ಒಂದು ಹಡಗಿನ ಸರಕಿನ ಮೇಲೆ ಬಂದರಿನ ಒಡೆಯ ದೇರಣ್ಣ ಹೆಗ್ಗಡೆಯ ಕಣ್ಣು ಬಿತ್ತು. ಸರಕನ್ನೆಲ್ಲ ದಡಕ್ಕೆ ಇಳಿಸಿಕೊಂಡ ಮೇಲೆ ಹಡಗಿಗೆ ಬೆಂಕಿ ಇಡಿಸಿ, ಒಲೆಯ ಕಿಡಿ ಹಾರಿತೆಂದು ಸಾರಿದ. ದಡದಲ್ಲಿದ್ದ, ಆ ಹಡಗಿನ ಲಿಪಿಕಾರ ವೆನ್ ಒಬ್ಬನೇ ಉಳಿದ. ಬೆಂದವರಲ್ಲಿ ಅವನ ತಮ್ಮನೂ ಇದ್ದ. ಹೆಗ್ಗಡೆಯ ಆಳು ಪಂಜು ಎಸೆದದ್ದನ್ನು ವೆನ್ ಕಣ್ಣಾರೆ ಕಂಡಿದ್ದ. ಆದರೆ ಬಾಯಿ ಬಿಡಲಿಲ್ಲ.

ಸುದ್ದಿ ಹಬ್ಬಿದರೆ ಇನ್ನು ಯಾರು ಬರುತ್ತಾರೆಂಬ ಅಳುಕು ಹೆಗ್ಗಡೆಗೆ. ‘ನಮ್ಮ ಬಂದರು ಒಳ್ಳೇದು ಅಂತ ನಿಮ್ಮ ಅಕ್ಷರದಲ್ಲಿ ಬಂಡೆ ಮೇಲೆ ಬರಿ ಮಾರಾಯ. ನಿನ್ನ ಊರಿಗೆ ಕಳಿಸ್ತೆ’ ಎಂದ. ಉಳಿಯನ್ನೂ ತಾನೇ ಕೊಡಿಸಿದ. ಎಷ್ಟೋ ವರ್ಷ ಬಂದುಹೋಗಿ ಇಲ್ಲಿನ ಮಾತು ಕಲಿತಿದ್ದ ವೆನ್, ಯಾವ ಪುಸ್ತಕದಲ್ಲೂ ಇಲ್ಲದ ಹೊಸ ಅಕ್ಷರವೊಂದನ್ನು ಕಟ್ಟಿದ: ಕೆಳಗೆ ಹಡಗು, ಅದರ ಮೇಲೆ ಮೂರು ಉರಿನಾಲಗೆ. ಅವರ ಲಿಪಿ ಬಲ್ಲವರಿಗೆ ಕಂಡೊಡನೆ ತಿಳಿಯುವಂಥದ್ದು. ‘ಇದು ಕಾಯುವ ತಾಯಿಯ ಹೆಸರು. ಮಾಸಲು ಬಿಡಬೇಡಿ’ ಎಂದು ಹೇಳಿ ಹೊರಟುಹೋದ.

ಮರುವರ್ಷ ಬಂದ ಹಡಗುಗಳು ಬಂಡೆಯನ್ನು ಕಂಡದ್ದೇ ಹಾಯಿ ತಿರುಗಿಸಿದವು. ತಾಯಿ ಮುನಿದಳೆಂದು ಊರವರು ಗೀಟುಗಳನ್ನು ಇನ್ನಷ್ಟು ಆಳಕ್ಕೆ ಕೆತ್ತಿ ಕುಂಕುಮ ತುಂಬಿದರು. ಆಮೇಲೆ ಹಡಗುಗಳು ಇನ್ನೂ ದೂರದಿಂದಲೇ ತಿರುಗತೊಡಗಿದವು. ವರ್ಷವರ್ಷವೂ ಇದೇ ನಡೆಯಿತು.

ಹನ್ನೆರಡನೆಯ ವರ್ಷ ಒಂದು ಹಡಗು ದೂರದಲ್ಲಿ ಲಂಗರು ಹಾಕಿತು. ಹೆಗ್ಗಡೆ ದೋಣಿಯಲ್ಲಿ ಹೋಗಿ ನೋಡಿದರೆ ಮೇಲೆ ನಿಂತವನು ವೆನ್.

‘ಎಂತ ಬರ್ದೆಯೋ ನೀನು?’

‘ನೀನು ಮಾಡಿದ್ದನ್ನೇ ಬರೆದೆ, ಹೆಗ್ಗಡೆ. ನೀನು ಪಂಜು ಎಸೆಸಿ ಸುಟ್ಟ ಹಡಗು ಅದು. ನಾನು ಕೆತ್ತಿದ್ದು ಒಂದೇ ಸಲ. ಉಳಿದ ಹನ್ನೊಂದು ಸಲ ನೀವೇ ಕೆತ್ತಿದಿರಿ.’

ಹೆಗ್ಗಡೆ ಸುತ್ತಿಗೆ ಹಿಡಿದು ಬಂಡೆಗೆ ಧಾವಿಸಿದ. ಹೆಂಗಸರು ಅಡ್ಡ ನಿಂತರು. ‘ಹೆಗ್ಡೇರೆ, ತಾಯಿ ಮುಖಕ್ಕೆ ಎಂತಕ್ಕೆ ಹೊಡಿತ್ರಿ?’ ಕಾರಣ ಹೇಳಬೇಕಾದರೆ ಪಂಜಿನ ಕತೆಯನ್ನೂ ಹೇಳಬೇಕು. ಸುತ್ತಿಗೆ ಕೆಳಗಿಟ್ಟ. ಅವರು ಕೈಗಿತ್ತ ಉಳಿ ಹಿಡಿದು ತಾನೇ ಗೀಟುಗಳನ್ನು ಆಳ ಮಾಡಿದ. ಅಂದು ಹೆಗ್ಗಡೆಯ ದೋಣಿಗೆ ಹುಟ್ಟು ಹಾಕಿದವನು ನಮ್ಮ ಹಿರೀಕ. ಕೇಳಿದ್ದನ್ನು ಮನೆಯವರಿಗಷ್ಟೇ ಹೇಳಿದ. ಸೇಡು ತೀರಿಸಿದರೆ ಹೀಗೆ ತೀರಿಸಬೇಕು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಕೆತ್ತಿದವರ ಕೈಯಲ್ಲಿ ಹಡಗು ಬರಬರುತ್ತಾ ಬಾಯಿಯಾಯಿತು, ಉರಿ ಕಣ್ಣು ಮೂಗಾಯಿತು. ಇಂದಿಗೂ ವರ್ಷಕ್ಕೊಮ್ಮೆ ಮೊದಲ ಉಳಿಪೆಟ್ಟು ಹೆಗ್ಗಡೆ ಮನೆಯವರದೇ, ಅದು ಅವರ ಹೆಮ್ಮೆ. ಹೋದವರಿಗೆ ಬಂಡೆಯ ಮೇಲೆ ಹಸಿ ಕುಂಕುಮ ಕಾಣುತ್ತದೆ. ಅಳಿವೆಯ ನೀರು ದೊಡ್ಡ ಹಡಗಿಗೂ ಸಾಕಾಗುವಷ್ಟು ಆಳವಾಗಿದೆ. ಹಡಗು ಮಾತ್ರ ಒಂದೂ ಇಲ್ಲ.