ಕಲ್ಲು ತೀರಿಸಿದ ಜಗಳ

ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವ ಇಂದುಮತಿಯ ಹೊಟ್ಟೆಯೊಳಗೆ ಒಂದು ಮಧ್ಯಾಹ್ನ ಜಗಳ ಹತ್ತಿತು.

"ಬೆಳಗಿನಿಂದ ಒಂದು ಗುಟುಕು ನೀರಿಲ್ಲ. ನೀರಿಲ್ಲದೆ ರಕ್ತದ ಕೊಳೆ ತೆಗೆಯುವುದು ಹೇಗೆ?" ಎಂದು ಮೂತ್ರಪಿಂಡ ಮೂತ್ರಕೋಶವನ್ನು ಗದರಿತು. "ಎಲ್ಲ ನಿನ್ನಿಂದಲೇ! ತುಂಬಿದ ಕೂಡಲೇ ಅವಸರ ಮಾಡುತ್ತೀಯೆ. ನಿನಗೆ ಹೆದರಿಯೇ ಅವಳು ನೀರು ಬಿಟ್ಟಿದ್ದಾಳೆ."

ಮೂತ್ರಕೋಶ ಸಿಡಿಯಿತು: "ನೀನು ಹನಿಹನಿಯಾಗಿ ಕಳಿಸಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವುದು ನಾನು. ತುಂಬಿದರೆ ಹೇಳಲೂಬಾರದೆ? ದಿನಾ ಸಂಜೆಯವರೆಗೆ ಬಿಗಿಹಿಡಿದು ಹಿಡಿದು ಉರಿಯುತ್ತಿದ್ದೇನೆ!"

ಆಗ, ನೀರಿಲ್ಲದೆ ಕೊಳೆ ಗಟ್ಟಿಯಾಗಿ ಮೂತ್ರಪಿಂಡದಲ್ಲಿ ಹುಟ್ಟಿದ್ದ ಕಲ್ಲೊಂದು ಹೊರಳಿತು. ಇಂದುಮತಿ ಸೊಂಟ ಹಿಡಿದುಕೊಂಡು ಕುಸಿದಳು.

"ಇಬ್ಬರೂ ಬಾಯಿ ಮುಚ್ಚಿ," ಎಂದಿತು ಕಲ್ಲು. "ನನ್ನನ್ನು ಹುಟ್ಟಿಸಿದವನು ಹೊರಗಿದ್ದಾನೆ. ಕೇಳಿಸಿಕೊಳ್ಳಿ."

ಹೊರಗೆ ಮಾಲೀಕ ಕೂಗುತ್ತಿದ್ದ: "ಏನಮ್ಮಾ, ಗಿರಾಕಿಗಳ ಮುಂದೆ ನಾಟಕವೆ? ಶೌಚಾಲಯದ ಬೀಗ ತೆಗೆಯುವುದು ಅಂಗಡಿ ಮುಚ್ಚಿದ ಮೇಲೆ ಎಂದು ಎಷ್ಟು ಸಲ ಹೇಳಬೇಕು?"



ಇಂದುಮತಿ ಹಲ್ಲು ಕಚ್ಚಿ ಎದ್ದಳು. ಗಿರಾಕಿಗಳಿಗೆಂದು ಹರವಿಟ್ಟಿದ್ದ ರೇಷ್ಮೆ ಸೀರೆಗಳ ರಾಶಿಯ ಮೇಲೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಬೀಗದ ಕೈ ಕೊಡುತ್ತೀರೋ, ಇಲ್ಲೇ ಮುಗಿಸಲೋ?"

"ನಾನು ಸಿದ್ಧ," ಎಂದಿತು ಮೂತ್ರಕೋಶ.