ಖಾಲಿ ತೊಟ್ಟಿಲು ತೂಗಿದ ಬಾಣಂತಿ

ಬಾ, ಕಾಲು ಒಳಗೆಳ್ಕೊಂಡು ಮಲಕ್ಕೋ. ಕತೆ ಹೇಳ್ತೀನಿ, ಆದ್ರೆ ನಡುವೆ ಬಾಯಿ ಹಾಕ್ಬೇಡ, ಹೂಂಗುಟ್ಟಿದ್ರೆ ಸಾಕು. ನಿಮ್ಮವ್ವ ಅಲ್ಲಿ ಗೋಡೆಗೊರಗಿ ನಿನ್ನ ತಮ್ಮನಿಗೆ ಹಾಲು ಕೊಡ್ತಾ ಇದ್ದಾಳಲ್ಲ, ಅವಳ ಕಿವಿಗೂ ಬೀಳ್ಲಿ. ಹೆತ್ತವಳು ನಾನು, ನೇರವಾಗಿ ಹೇಳಿದ್ರೆ ನನ್ನ ಮಗಳಿಗೆ ಮೂಗಿನ ತುದೀಲಿ ಕೋಪ. ಕತೇಲಿ ಹೇಳಿದ್ರೆ ಸುಮ್ನೆ ಕೇಳ್ತಾಳೆ.

ಒಂದಾನೊಂದು ಕಾಲ ಅಂತಾರಲ್ಲ, ಆ ಕಾಲಕ್ಕೂ ಒಂದು ಚೂರು ಹಿಂದೆ, ಬೆಟ್ಟದ ಬುಡದಲ್ಲಿ ಬುಟ್ಟಿ ಹೆಣೆಯೋರ ಕೇರಿ ಒಂದಿತ್ತಂತೆ. ಬುಟ್ಟಿ, ಮೊರ, ತೊಟ್ಟಿಲು ಎಲ್ಲಾ ಬಿದಿರಿಂದೇ ಮಾಡೋರು. ಕೇರಿಯ ಕೊನೇ ಮನೇಲಿ ಗಂಗಯ್ಯ ಅಂತ ಒಬ್ಬ, ಅವನ ಹೆಂಡ್ತಿ ಚೆನ್ನಾಜಿ ಅಂತ. ಅವಳಿಗೆ ತೌರಲ್ಲಿ ಅವ್ವ ಇಲ್ಲ, ಇಲ್ಲಿ ಅತ್ತೇನೂ ಇಲ್ಲ. ಚೊಚ್ಚಲ ಹೆರಿಗೆ, ಹೆಣ್ಣು ಕೂಸು ಹುಟ್ತಂತೆ. ಬಾಣಂತನ ಮಾಡೋರು ಯಾರು? ಗಂಗಯ್ಯನ ಸೋದರತ್ತೆ ಬೋರವ್ವ ಅಂತ ಪಕ್ಕದೂರಿಂದ ಬಂದ್ಲಂತೆ. ಬೋರವ್ವನ ಬಾಯಿ ಬಲು ಜೋರು, ಕೈ ಮಾತ್ರ ಹೂವು. ಕಾಲು ನೀಡ್ಕೊಂಡು ಕೂತು, ಮೊಣಕಾಲ ಮೇಲೆ ಕೂಸನ್ನ ಮಲಗಿಸ್ಕೊಂಡು ನೀರು ಹಾಕಿದ್ರೆ ಕೂಸು ಕಿಮಕ್ ಅನ್ನದೆ ನಿದ್ದೆ ಹೋಗೋದಂತೆ.

ಬೋರವ್ವ ಹನ್ನೊಂದು ದಿನ ಇದ್ದು ಎಲ್ಲಾ ಕಲಿಸಿದ್ಲಂತೆ. ನೀರಿನ ಬಿಸಿ ಅಂಗೈಯಲ್ಲಿ ನೋಡ್ಬೇಡ ಕಣೆ, ಬಿದಿರು ಸೀಳಿ ಸೀಳಿ ನಿನ್ನ ಕೈ ಜಡ್ಡುಗಟ್ಟಿದೆ, ಮೊಣಕೈ ಅದ್ದಿ ನೋಡು, ಅಂದ್ಲಂತೆ. ಹಾಲು ಕುಡಿದ ಕೂಸನ್ನ ಹಂಗೇ ಮಲಗಿಸ್ಬೇಡ, ಹೆಗಲಿಗೆ ಹಾಕ್ಕೊಂಡು ಬೆನ್ನು ತಟ್ಟಿ ತೇಗಿಸು, ಆಮೇಲೆ ಅಂಗಾತ ಮಲಗಿಸು, ಮುಖದ ಮೇಲೆ ಬಟ್ಟೆ ಬೀಳದ ಹಾಗೆ ನೋಡ್ಕೋ. ಮುಷ್ಟಿ ಬಾಯಿಗಿಟ್ಕೊಂಡ್ರೆ ಹಸಿವು, ಕಾಲು ಹೊಟ್ಟೆಗೆ ಎಳ್ಕೊಂಡ್ರೆ ಹೊಟ್ಟೇಲಿ ವಾಯು, ಕಣ್ಣು ಉಜ್ಜಿದ್ರೆ ನಿದ್ದೆ. ಎಲ್ಲಾ ಲಾಯಕ್ಕಾದ ಮಾತೇ. ಮೂಗಿಗೆ ಎಣ್ಣೆ ಬಿಡೋ ಹೆಂಗಸರನ್ನ ಮಾತ್ರ ಹೊಸ್ತಿಲೊಳಗೆ ಬಿಡ್ಬೇಡ ಅಂತಾನೂ ಅಂದ್ಲಂತೆ. ಕೇಳಿಸ್ತೇನೆ, ಗೋಡೆ ಹತ್ರ ಕೂತಿರೋಳೇ? ಸರಿ.

ಹೊರಡೋ ದಿನ ಇನ್ನೂ ಎರಡು ಮಾತು ಹೇಳಿದ್ಲಂತೆ. ಒಂದು, ಖಾಲಿ ತೊಟ್ಟಿಲು ತೂಗ್ಬೇಡ. ಕೂಸನ್ನ ಎತ್ಕೊಂಡಾಗೆಲ್ಲ ಗುಂಡುಕಲ್ಲು ಮಲಗಿಸು. ಹೆಸರಿಡೋ ದಿನ ಕೂಸಿಗಿಂತ ಮುಂಚೆ ಗುಂಡುಕಲ್ಲಿಗೆ ಕುಲಾವಿ ಹಾಕಿ ತೂಗ್ತೀವಲ್ಲ, ಅದೇ ಕಲ್ಲು. ಖಾಲಿ ತೊಟ್ಟಿಲು ತೂಗಿದ್ರೆ ಯಾರನ್ನೋ ಬಾ ಅಂತ ಕರೆದ ಹಾಗೆ, ಬರೋರು ಯಾರು ಅಂತ ಹೇಳೋಕಾಗಲ್ಲ, ಅಂದ್ಲಂತೆ. ಇನ್ನೊಂದು, ಬಾಣಂತಿ ನೀರು ಕುಡೀಬಾರ್ದು, ಹೊಟ್ಟೆ ಊದತ್ತೆ, ಕೂಸಿಗೆ ಶೀತ ಆಗತ್ತೆ, ದಿನಕ್ಕೆ ಎರಡು ಗುಟುಕು ಮೀರಬೇಡ, ಊಟಾನೂ ಅರ್ಧ ಹೊಟ್ಟೆ. ಬೋರವ್ವ ಕೆಟ್ಟೋಳಲ್ಲ ಮರಿ, ಅವಳಿಗೆ ಅವಳತ್ತೆ ಹೇಳಿದ್ದನ್ನೇ ಹೇಳಿದ್ಲು. ಹಿರಿಯರ ಮಾತು ಚಿನ್ನ ಅಂತಾರೆ, ಚಿನ್ನಾನೂ ಒರೆಗೆ ಹಚ್ಚಿ ನೋಡೇ ತಗೋಬೇಕು.

ಆಮೇಲೆ ಬೋರವ್ವನ ಮಗಳಿಗೆ ನೋವು ಶುರುವಾಯ್ತು ಅಂತ ಸುದ್ದಿ ಬಂತಂತೆ, ಅವಳು ಎದ್ದು ಹೋದ್ಲಂತೆ. ಗಂಗಯ್ಯ ಅಷ್ಟು ಹೊತ್ತಿಗಾಗ್ಲೇ ಕೇರಿಯ ಗಂಡಸರ ಜೊತೆ ಬಿದಿರು ಕಡಿಯೋಕೆ ಬೆಟ್ಟ ಹತ್ತಿದ್ನಂತೆ. ಹೋದ್ರೆ ಎಂಟು ದಿನ, ನಡುವೆ ಒಬ್ಬೊಬ್ಬರೇ ಇಳಿಯೋ ಹಾಗಿಲ್ಲ, ಚಿರತೆ ಕಾಟ. ಮನೇಲಿ ಚೆನ್ನಾಜಿ, ಕೂಸು, ಆಮೇಲೆ ಸೀಳಿ ನೆನೆಹಾಕಿದ ಒಂದು ಹೊರೆ ಬಿದಿರ ದಬ್ಬೆ. ನೆನೆದ ದಬ್ಬೇನ ಹೆಣೀದೆ ಬಿಟ್ರೆ ಒಣಗಿ ಪಟಪಟ ಮುರಿಯತ್ತೆ, ಒಂದು ತಿಂಗಳ ಕೆಲಸ ಮಣ್ಣುಪಾಲು. ಅದಕ್ಕೆ ಹಸೀ ಬಾಣಂತಿ, ಕಿವಿಗೆ ಬಟ್ಟೆ ಕಟ್ಕೊಂಡು, ಕೂಸನ್ನ ಮಡಿಲಲ್ಲಿ ಹಾಕ್ಕೊಂಡು ಹೆಣೆಯೋಕೆ ಕೂತ್ಲಂತೆ. ಆ ಕೇರಿ ಹೆಂಗಸರೆಲ್ಲ ತೊಟ್ಟಿಲ ಹಗ್ಗಾನ ಕಾಲಿನ ಹೆಬ್ಬೆರಳಿಗೆ ಕಟ್ಕೊಳ್ಳೋರು. ಕೈ ಹೆಣೀತಿರತ್ತೆ, ಕಾಲು ತೂಗ್ತಿರತ್ತೆ. ಎಷ್ಟು ರೂಢಿ ಅಂದ್ರೆ ಕಾಲು ಆಡ್ತಾ ಇರೋದು ಅವರಿಗೇ ಗೊತ್ತಾಗ್ತಿರ್ಲಿಲ್ಲ.

ಒಂಟಿಯಾದ ಮೊದಲನೇ ದಿನ, ಮಟಮಟ ಮಧ್ಯಾಹ್ನ. ಚೆನ್ನಾಜಿ ಸಾರಿಗೆ ಮೆಣಸು ಬೆಳ್ಳುಳ್ಳಿ ಅರೆಯೋಕೆ ತೊಟ್ಟಿಲಿಂದ ಗುಂಡುಕಲ್ಲು ತಗೊಂಡಿದ್ಲಂತೆ. ಅರೆದು ಒರಳಲ್ಲೇ ಬಿಟ್ಲು. ರಾತ್ರಿಯೆಲ್ಲ ನಿದ್ದೆ ಇಲ್ಲ, ನೆನಪು ಎಲ್ಲಿಂದ ಬರ್ಬೇಕು? ಕೂಸು ಮಡಿಲಲ್ಲಿ, ಕೈ ದಬ್ಬೆ ಮೇಲೆ, ಕಾಲು ತಾನಾಗೇ ತೂಗ್ತಿತ್ತಂತೆ. ಖಾಲಿ ತೊಟ್ಟಿಲು ಕಿರ್, ಕಿರ್. ಅಂಗಳದ ಕೋಳಿಗಳು ಇದ್ದಕ್ಕಿದ್ದಂಗೆ ಕೆದರೋದು ನಿಲ್ಲಿಸಿದ್ವಂತೆ. ಅವಳು ಗಮನಿಸ್ಲಿಲ್ಲ.

ಎರಡನೇ ದಿನ ಅದೇ ಹೊತ್ತು. ಕಾಲು ತೂಗ್ತಾ ತೂಗ್ತಾ ನಿಂತೋಯ್ತಂತೆ, ತೂಕಡಿಕೆ. ಆದ್ರೂ ಹೆಬ್ಬೆರಳಿಗೆ ಹಗ್ಗ ಎಳೀತಿತ್ತಂತೆ. ಇವಳು ಎಳೀತಿಲ್ಲ, ತೊಟ್ಟಿಲೇ ಎಳೀತಿದೆ. ತೂಗು, ಯಾಕೆ ನಿಲ್ಲಿಸಿದೆ ಅನ್ನೋ ಹಾಗೆ. ಚೆನ್ನಾಜಿ ಗಾಳಿ ಅಂದ್ಕೊಂಡು ಮತ್ತೆ ತೂಗಿದ್ಲಂತೆ. ಹತ್ರ ಬಾ ಮರಿ, ನನ್ನ ಸೆರಗು ಹಿಡ್ಕೋ.

ಮೂರನೇ ದಿನ ಹಗ್ಗ ಭಾರ ಆಗಿತ್ತಂತೆ. ತೊಟ್ಟಿಲೊಳಗೆ ಯಾರೋ ಇದ್ರೆ ಎಷ್ಟು ಭಾರವೋ ಅಷ್ಟು. ಚೆನ್ನಾಜಿ ಮಡಿಲು ನೋಡ್ಕೊಂಡ್ಲು, ಕೂಸು ಇಲ್ಲೇ ಇದೆ. ಅಷ್ಟರಲ್ಲಿ ತೊಟ್ಟಿಲೊಳಗಿಂದ ಕೂಸು ಅತ್ತಿತಂತೆ.

ಅಳೋ ಕೂಸನ್ನ ಎತ್ಕೊಳ್ಳದೆ ಇರೋಕೆ ತಾಯಿಗೆ ಆಗತ್ತಾ? ಮಡಿಲ ಕೂಸನ್ನ ಚಾಪೆ ಮೇಲಿಟ್ಟು ಓಡಿಹೋಗಿ ಎತ್ತಿದ್ಲಂತೆ. ಅದೇ ಮುಖ, ಅದೇ ಕೆನ್ನೆ ಮೇಲೆ ಅದೇ ದೃಷ್ಟಿಬೊಟ್ಟು, ಸೊಂಟಕ್ಕೆ ಅದೇ ಕಪ್ಪು ಉಡಿದಾರ. ತಂದು ಚಾಪೆ ಮೇಲಿಟ್ಲು. ಆವಾಗ ಗುಂಡುಕಲ್ಲು ನೆನಪಾಯ್ತು, ಎದ್ದು ಓಡಿ ಒರಳಿಂದ ತಂದು ತೊಟ್ಟಿಲಿಗೆ ಹಾಕಿ ತಿರುಗಿ ನೋಡಿದ್ರೆ, ಚಾಪೆ ಮೇಲೆ ಎರಡು ಕೂಸು. ಎರಡೂ ಒಟ್ಟಿಗೆ ಉಸಿರು ಎಳ್ಕೋತಿದ್ವಂತೆ, ಒಟ್ಟಿಗೆ ಬಿಡ್ತಿದ್ವಂತೆ. ಯಾವುದು ತನ್ನದು? ನಿದ್ದೆಗೆಟ್ಟ ಕಣ್ಣಿಗೆ ತಿಳೀಲಿಲ್ಲ.

ಚೆನ್ನಾಜಿ ಹೆದರಿದ್ಲು. ಆದ್ರೂ ಬೋರವ್ವ ಕಲಿಸಿದ್ದೆಲ್ಲ ಮಾಡಿ ನೋಡಿದ್ಲಂತೆ. ಎರಡಕ್ಕೂ ಹಾಲು ಕೊಟ್ಲು, ದಿನಕ್ಕೆ ಎರಡೇ ಗುಟುಕು ನೀರು ಕುಡಿದೋಳ ಎದೇಲಿ ಹಾಲು ಎಲ್ಲಿತ್ತು, ನಾಲ್ಕು ನಾಲ್ಕು ಹನಿ. ಹೆಗಲಿಗೆ ಹಾಕಿ ತಟ್ಟಿದ್ಲು, ಎರಡೂ ತೇಗಿದ್ವಂತೆ. ಮೊಣಕೈ ಅದ್ದಿ ನೀರು ಹದ ಮಾಡಿ ಕಾಲ ಮೇಲೆ ಹಾಕ್ಕೊಂಡು ಮೀಯಿಸಿದ್ಲು, ಎರಡೂ ಕಣ್ಣು ಮುಚ್ಚಿ ಸುಖವಾಗಿ ಮಲಗಿದ್ವಂತೆ. ಅಳೋವರೆಗೂ ಕಾದು ನೋಡಿದ್ಲು, ಎರಡೂ ಒಂದೇ ಸಲ ಮುಷ್ಟಿ ಬಾಯಿಗಿಟ್ವಂತೆ. ಕಲಿತಿದ್ದೆಲ್ಲ ಮಾಡಿ ಆಯ್ತು, ಏನೂ ತಿಳೀಲಿಲ್ಲ.

ಆಮೇಲೆ ತಲೆ ಎತ್ತಿದ್ರೆ, ಹೊಸ್ತಿಲ ಮೇಲೆ ಒಬ್ಬ ಹೆಂಗಸು ಕೂತಿದ್ಲಂತೆ. ಕಾಲು ಹಿಂದುಮುಂದಾಗಿತ್ತಾ ಅಂತ ಕೇಳ್ಬೇಡ, ಸೀರೆ ನೆಲಕ್ಕೆ ತಾಗೋ ಹಾಗೆ ಉಟ್ಟಿದ್ಲು. ಕಿವಿಗೆ ಬಟ್ಟೆ ಕಟ್ಟಿತ್ತು, ಸೊಂಟಕ್ಕೂ ಬಿಗಿಯಾಗಿ ಕಟ್ಟಿತ್ತು, ಬಾಣಂತಿಗೆ ಕಟ್ಟೋ ಹಾಗೆ. ತುಟಿ ಒಡೆದಿತ್ತು. ಬಿಸಿಲಿಗೆ ಬೆನ್ನು ಮಾಡಿ ಕೂತಿದ್ರೂ ನೆರಳು ಮುಂದಕ್ಕೆ ಬಿದ್ದಿರ್ಲಿಲ್ಲವಂತೆ.

ನಾನೂ ಈ ಮನೆ ಸೊಸೇನೇ ತಂಗಿ, ಅಂದ್ಲಂತೆ. ನಿನ್ನ ಗಂಡನ ಅಜ್ಜನ ಕಾಲದೋಳು. ಹೆತ್ತ ಮೂರನೇ ದಿನ ನಾನು ಹೋದೆ, ನನ್ನ ಹಿಂದೆ ಕೂಸೂ ಬಂತು. ಆದ್ರೆ ಎಲ್ಲಿ ಹೋಯ್ತೋ ಕೈಗೆ ಸಿಗ್ಲಿಲ್ಲ. ನೀನು ಮೂರು ದಿನ ತೂಗಿ ಕರೆದೆ, ಇವತ್ತು ಅದು ಬಂತು. ದೀಪ ಹಚ್ಚೋ ಹೊತ್ತಿಗೆ ನಾನು ಹೋಗ್ಬೇಕು, ನನ್ನ ಕೂಸು ಕೊಡು. ನಾನು ಅದರ ಮುಖ ಸರಿಯಾಗಿ ನೋಡೇ ಇಲ್ಲ. ನೀನು ಯಾವುದು ಕೊಡ್ತೀಯೋ ಅದನ್ನೇ ತಗೊಂಡು ಹೋಗ್ತೀನಿ, ಆಮೇಲೆ ತಿರುಗಿ ತಂದು ಕೊಡೋಕಾಗಲ್ಲ.

ತಪ್ಪು ಕೂಸು ಕೊಟ್ರೆ ತನ್ನ ಮಗಳು ಸತ್ತೋರ ಜೊತೆ ಹೋಗ್ತಾಳೆ. ಚೆನ್ನಾಜಿ ಒಂದರ ಕಡೆ ಕೈ ನೀಡ್ತಾಳೆ, ಹಿಂದಕ್ಕೆ ಎಳ್ಕೋತಾಳೆ. ಇನ್ನೊಂದರ ಕಡೆ ನೀಡ್ತಾಳೆ, ಎಳ್ಕೋತಾಳೆ. ಕಣ್ಣೀರು ಬರ್ಬೇಕು, ಅದೂ ಬರ್ಲಿಲ್ಲ, ಮೈಯಲ್ಲಿ ನೀರಿದ್ರೆ ತಾನೆ? ಕೊನೆಗೆ ಅಕ್ಕಾ, ನನಗೆ ಗೊತ್ತಾಗ್ತಿಲ್ಲ, ನನ್ನ ಕೂಸೇ ನನಗೆ ಗೊತ್ತಾಗ್ತಿಲ್ಲ, ಅಂದ್ಲಂತೆ.

ಆ ಹೆಂಗಸು, ಒಂದು ಗುಟುಕು ನೀರು ಕೊಡ್ತೀಯಾ ತಂಗಿ, ಅಂದ್ಲಂತೆ. ಆವತ್ತೂ ಕೇಳಿದೆ, ಜ್ವರ ಸುಡ್ತಿತ್ತು, ಎಲ್ಲರ ಕೈಕಾಲು ಹಿಡಿದು ಕೇಳಿದೆ, ಬಾಣಂತಿಗೆ ಆಗಲ್ಲ ಅಂದ್ರು. ಹಾಗೇ ಹೋದೆ.

ಚೆನ್ನಾಜಿ ಎದ್ದು ಕಾಯಿಸಿ ಆರಿಸಿಟ್ಟಿದ್ದ ನೀರಿನ ಗಡಿಗೇನ ಹೊತ್ಕೊಂಡೇ ಬಂದ್ಲಂತೆ. ಒಂದು ಚೆಂಬು ಕೊಟ್ಲು, ಎರಡು ಕೊಟ್ಲು, ಮೂರು ಕೊಟ್ಲು. ಬಿರುಕು ಬಿಟ್ಟ ಹೊಲಕ್ಕೆ ನೀರು ಇಳಿದ ಹಾಗೆ ಗುಳುಗುಳು ಸದ್ದು ಬರ್ತಿತ್ತಂತೆ. ಆಮೇಲೆ ಅವಳು ಚೆಂಬನ್ನ ಇವಳ ಕಡೆಗೇ ನೀಡಿ, ನೀನೂ ಕುಡಿ, ನಿನ್ನ ತುಟಿ ನೋಡ್ಕೋ, ನನ್ನ ತುಟಿ ಹಂಗೇ ಆಗಿದೆ, ಅಂದ್ಲಂತೆ. ಚೆನ್ನಾಜಿ ಚೆಂಬಿನ ನೀರಲ್ಲಿ ನೋಡ್ಕೊಂಡ್ಲು. ಕಿವಿಗೆ ಬಟ್ಟೆ, ಗುಳಿಬಿದ್ದ ಕಣ್ಣು, ಒಡೆದ ತುಟಿ. ಸತ್ತು ಐವತ್ತು ವರ್ಷ ಆದೋಳಿಗೂ ತನಗೂ ವ್ಯತ್ಯಾಸ ಕಾಣಿಸ್ಲಿಲ್ಲವಂತೆ.

ಕುಡಿದ್ಲಂತೆ. ಹೊಟ್ಟೆ ತುಂಬ ಕುಡಿದ್ಲು. ಬೆಳಗಿನ ರಾಗಿ ಗಂಜಿ ಇತ್ತು, ಬೆಲ್ಲ ಹಾಕ್ಕೊಂಡು ಅದನ್ನೂ ಹೊಟ್ಟೆ ತುಂಬ ಕುಡಿದ್ಲು. ಕಣ್ಣು ಎಳೆಯೋಕೆ ಶುರುವಾಯ್ತು. ಆವಾಗ ಆ ಹೆಂಗಸು, ಸ್ವಲ್ಪ ಮಲಕ್ಕೋ, ಕೂಸುಗಳನ್ನ ನಾನು ನೋಡ್ಕೋತೀನಿ, ಅಂದ್ಲಂತೆ.

ಈಗ ಹೇಳು ಮರಿ, ನೀನಾಗಿದ್ರೆ ಮಲಗ್ತಿದ್ದೆಯಾ? ಚೆನ್ನಾಜಿಗೂ ಅದೇ ಭಯ. ಮಲಗಿದ್ರೆ ಎರಡನ್ನೂ ಎತ್ಕೊಂಡು ಹೋಗ್ಬಹುದು. ಮಲಗದೆ ಇದ್ರೆ ಈ ಕಣ್ಣಿಗೆ ದೀಪ ಹಚ್ಚೋ ಹೊತ್ತಿಗೂ ಏನೂ ಕಾಣಿಸಲ್ಲ. ಅವಳು ಮೊದಲು ಆ ಹೆಂಗಸಿನ ಕೈ ನೋಡಿದ್ಲಂತೆ. ಆ ಕೈ ಎರಡೂ ಕೂಸಿನ ಮೇಲಿನ ನೊಣ ಓಡಿಸ್ತಿತ್ತಂತೆ, ಯಾವುದು ಯಾರದ್ದು ಅಂತ ನೋಡದೆ. ಅದನ್ನ ನೋಡಿ ಚೆನ್ನಾಜಿ ಎರಡು ಹೊಸ ಮೊರ ತಂದು, ಬಟ್ಟೆ ಹಾಸಿ, ಎಡಕ್ಕೊಂದು ಬಲಕ್ಕೊಂದು ಕೂಸನ್ನ ಅಂಗಾತ ಮಲಗಿಸಿ, ನಡುವೆ ತಾನು ಒರಗಿದ್ಲಂತೆ. ಕಣ್ಣು ಮುಚ್ಚಿದ್ದೇ ಗೊತ್ತು.

ಎದ್ದಾಗ ಬಿಸಿಲು ಹೋಗಿತ್ತಂತೆ. ಬಲಗಡೆ ಮೊರದ ಕೂಸು ಅತ್ತಿತು. ಚೆನ್ನಾಜಿ ಎದ್ದು ಕೂತು ಕೇಳಿದ್ಲು, ಅಯ್ಯೋ ಪಾಪ ಅನ್ನಿಸ್ತು, ಅಷ್ಟೇ. ಆಮೇಲೆ ಎಡಗಡೆ ಮೊರದ ಕೂಸು ಅತ್ತಿತು. ಅದು ಬಾಯಿ ತೆಗೆಯೋದೇ ತಡ, ಎದೆ ಬಿಗಿದು, ಕೈ ತಾಗಿಸದೆ, ಹಾಲು ತಾನಾಗೇ ಇಳಿದು ರವಿಕೆ ಒದ್ದೆಯಾಗಿಹೋಯ್ತಂತೆ. ನೀರು ಕುಡಿದ, ಉಂಡ, ಒಂದು ನಿದ್ದೆ ತೆಗೆದ ಮೈ ಮರಿ ಅದು. ಮನಸ್ಸು ಮರೆತಿದ್ದನ್ನ ಮೈ ಹೇಳ್ತು. ಎಡಗಡೆಯದನ್ನ ಎತ್ತಿ ಅಪ್ಪಿಕೊಂಡ್ಲು, ನನ್ನ ಕಂದ ನನ್ನ ಕಂದ ಅಂತ ಅತ್ಲು, ಆವಾಗ ಕಣ್ಣೀರೂ ಬಂತಂತೆ.

ಮತ್ತೆ ಬಲಗಡೆಯದು ಅತ್ತಿತು. ಚೆನ್ನಾಜಿ ತಲೆಯೆತ್ತಿ ನೋಡಿದ್ರೆ, ಹೊಸ್ತಿಲಲ್ಲಿ ಕೂತಿದ್ದ ಸತ್ತವಳ ಸೆರಗು ಒದ್ದೆಯಾಗ್ತಿತ್ತಂತೆ. ಅವಳು ಎದೆ ಮುಟ್ಟಿ ನೋಡ್ಕೊಂಡ್ಲು, ನಂಬಲಿಲ್ಲ, ಮತ್ತೆ ಮುಟ್ಟಿ ನೋಡ್ಕೊಂಡ್ಲು. ಐವತ್ತು ವರ್ಷ ಬಾರದೇ ಇದ್ದ ಹಾಲು.

ಅಷ್ಟು ಹೊತ್ತಿಗೆ ಕೇರಿಯ ಮನೆಮನೇಲೂ ದೀಪ ಹಚ್ತಾ ಇದ್ರಂತೆ. ಇವಳೂ ಹಚ್ಚಿದ್ರೆ ಮುಗೀತು, ಅವಳು ಹೋಗ್ಬೇಕು. ಚೆನ್ನಾಜಿ ಆ ಕೂಸನ್ನ ಎತ್ತಿ ಅವಳ ಮಡಿಲಿಗೆ ಹಾಕಿದ್ಲು, ಹಾಕಿ ದೀಪ ಹಚ್ಚದೆ ಕತ್ತಲಲ್ಲೇ ಕೂತ್ಲಂತೆ. ಇಬ್ಬರು ಬಾಣಂತೀರು, ಎದುರುಬದುರು, ಹಾಲು ಕೊಡ್ತಾ. ಚಪ್ಪರಿಸೋ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಸತ್ತವಳ ಕೂಸು ಕುಡಿದು ಕುಡಿದು ಸಾಕಾಗಿ ಎದೆಯಿಂದ ಬಾಯಿ ತೆಗೆದ ಮೇಲೇ ಚೆನ್ನಾಜಿ ಎದ್ದು ಬತ್ತಿ ತೀಡಿ ದೀಪ ಹಚ್ಚಿದ್ದು. ಬೆಳಕಲ್ಲಿ ನೋಡಿದ್ರೆ ಹೊಸ್ತಿಲು ಖಾಲಿ.

ಐದು ದಿನ ಆದಮೇಲೆ ಗಂಗಯ್ಯ ಬಿದಿರು ಹೊತ್ಕೊಂಡು ಬಂದ್ನಂತೆ. ದಬ್ಬೆ ಎಲ್ಲಾ ಒಣಗಿ ಮುರಿದುಬಿದ್ದಿತ್ತು. ಹೆಂಡ್ತಿ ಮಾತ್ರ ಮೈಕೈ ತುಂಬ್ಕೊಂಡು ನಗ್ತಾ ಬಾಗಿಲಿಗೆ ಬಂದ್ಲಂತೆ. ಕೂಸಿನ ಕೆನ್ನೆ ಬೆಣ್ಣೆ ಮುದ್ದೆ. ಅವನು ದಬ್ಬೆ ನೋಡಿದ, ಕೂಸನ್ನ ನೋಡಿದ, ಹೋದ್ರೆ ಹೋಯ್ತು ಬಿಡು, ಬೆಟ್ಟದಲ್ಲಿ ಬಿದಿರಿಗೇನು ಬರವಾ, ಅಂದು ಕೂಸನ್ನ ಎತ್ಕೊಂಡ್ನಂತೆ. ಆಮೇಲೆ ಅವನಿಗೆ ಹೊಳೀತು, ಬೋರತ್ತೆ ಹನ್ನೊಂದು ದಿನಕ್ಕೇ ಹೋದ್ಲಂತಲ್ಲ, ಮತ್ತೆ ನಿನ್ನ ಯಾರೇ ನೋಡ್ಕೊಂಡ್ರು, ಅಂತ ಕೇಳಿದ್ನಂತೆ.

ಒಬ್ಳು ಬಂದಿದ್ಲು, ಅಂದ್ಲಂತೆ ಚೆನ್ನಾಜಿ. ಅವಳೂ ಬಾಣಂತೀನೇ.

ಹೂಂ ಅನ್ನೋದು ನಿಂತೋಯ್ತು, ಮರಿ ಮಲಗ್ತು. ನನ್ನ ಬಾಯಿ ಒಣಗ್ತು, ಕತೆ ಮುಗೀತು.