ಉಪ್ಪಾಗೆ ಮರಕ್ಕೆ ಕಟ್ಟಿದ ಸೀರೆಯಂಚು

ಪೇಟೆಯ ವಿಠೋಬ ಶಾನಭಾಗರು ಕಾಡಿನ ಸರಕಿನ ವ್ಯಾಪಾರಿ. ಅದರಲ್ಲಿ ಮುಖ್ಯವಾದದ್ದು ಉಪ್ಪಾಗೆ. ಮೀನುಸಾರಿಗೆ ಹುಳಿ ಕೊಡುವ ಈ ಕಾಡುಹಣ್ಣಿನ ಒಣಸಿಪ್ಪೆಗೆ ಕರಾವಳಿಯುದ್ದಕ್ಕೂ ಗಿರಾಕಿ.

ಕಾಡಿನ ಮರಕ್ಕೆ ಒಡೆಯನಿಲ್ಲ. ಮೊದಲು ಹತ್ತಿದವನದ್ದೇ ಕಾಯಿ. ಹಾಗಾಗಿ ಹಣ್ಣಾಗುವ ತನಕ ಯಾರೂ ಕಾಯುತ್ತಿರಲಿಲ್ಲ. "ನಾನು ಬಿಟ್ಟರೆ ಇನ್ನೊಬ್ಬ ಬಿಡ್ತಾನಾ?" ಎಂದು ಹಸಿರು ಕಾಯಿಯನ್ನೇ ಕೊಂಬೆ ಸಮೇತ ಕಡಿದು ತರುತ್ತಿದ್ದರು. ಶಾನಭಾಗರು ತೂಗಿ ಕೊಳ್ಳುತ್ತಿದ್ದರು. ಪೇಟೆಯ ಹತ್ತಿರದ ಮರಗಳು ಬೋಳಾದವು, ಆಮೇಲೆ ಸತ್ತವು. ಇನ್ನು ಉಳಿದದ್ದು ಸಿದ್ದಿಯರ ಕೇರಿಯ ಹಿಂದೆ, ಹಳ್ಳದ ದಂಡೆಯ ಮರಗಳು ಮಾತ್ರ.

ಆ ಕೇರಿಯಲ್ಲಿ ರೆಜೀನಾ ಎಂಬ ಹೆಂಗಸು ಇದ್ದಳು. ಹಳೇ ಸೀರೆ ತುಂಡುಗಳಿಂದ ಕೌದಿ ಹೊಲಿಯುವುದು ಅವಳ ಕಸುಬು. ಆ ವರ್ಷ ಅವಳು ಕೇರಿಯ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಒಂದು ಕಟ್ಟಳೆ ಮಾಡಿದಳು. ಒಂದೊಂದು ಮರಕ್ಕೂ ಒಂದೊಂದು ಸೀರೆಯಂಚು ಕಟ್ಟುವುದು. ಅಂಚು ಕಟ್ಟಿದ ಮರವನ್ನು ಯಾರೂ ಹತ್ತಬಾರದು. ಹಣ್ಣು ತಾನಾಗಿ ಬಿದ್ದ ಮೇಲೆ ಆರಿಸಿ, ಸಿಪ್ಪೆ ತಂದು, ಬೀಜ ಅಲ್ಲೇ ಬಿಡಬೇಕು.

ಸುದ್ದಿ ಕೇಳಿದ ಶಾನಭಾಗರು ಕೇರಿಗೇ ಬಂದರು. ಸುಗ್ಗಿಯ ಮೊದಲ ಲೋಡು ತಮ್ಮದೇ ಹೋಗಬೇಕೆಂಬುದು ಅವರ ಹಟ.

"ಏನು ರೆಜೀನಾ, ಕಾಡು ನಿಮ್ಮಪ್ಪಂದಾ?" ಹುಡುಗರ ಎದುರೇ ಕೇಳಿದರು. "ಗುಂಗುರು ಕೂದಲಿನವರು ನೀವು, ಯಾವುದೋ ದೇಶದಿಂದ ಬಂದವರು. ನಮ್ಮ ಕಾಡಿಗೆ ನೀವು ಕಾವಲಾ?"

ರೆಜೀನಾ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು. "ಬಂದವರಲ್ಲ ಶಾನಭಾಗ್ರೇ, ಹಡಗಲ್ಲಿ ತುಂಬಿ ತಂದಿದ್ದು. ಗುಲಾಮರು ಅಂತ ಮಾರಿದ್ರು. ತಪ್ಪಿಸಿಕೊಂಡು ಓಡಿ ಬಂದ ನಮ್ಮ ಹಿರಿಯರನ್ನ ಯಾವ ಊರೂ ಒಳಗೆ ಸೇರಿಸಲಿಲ್ಲ. ಈ ಕಾಡು ಸೇರಿಸ್ತು. ನೀವೆಲ್ಲಿಯವರು ಅಂತ ಕೇಳಲಿಲ್ಲ. ಅಂಥದರ ಕೈಕಾಲು ಕಡಿಯೋದು ಹ್ಯಾಗೆ, ನೀವೇ ಹೇಳಿ."

ಹುಡುಗರು ನೆಟ್ಟಗೆ ಕೂತರು. "ಕೂದಲಿನ ಮಾತಾಡ್ತಾರೆ, ಅವರ ತಲೇಲಿ ಅದೂ ಇಲ್ಲ" ಎಂದು ಒಬ್ಬಳು ಪಿಸುಗುಟ್ಟಿದಳು. ಉಳಿದವರು ಕಿಸಕ್ಕನೆ ನಕ್ಕರು.

ಶಾನಭಾಗರು ವಾದಕ್ಕೆ ನಿಲ್ಲಲಿಲ್ಲ. ಒಂದು ಕಡೆ ಸರಕು ಸಿಗದಿದ್ದರೆ ಇನ್ನೊಂದು ಕಡೆ ನೋಡುವವರು ಅವರು. ಹಳ್ಳದಾಚೆಯ ಊರಿಗೆ ಹೋಗಿ, ಪುಂಡಲೀಕ ಎಂಬ ಹುಡುಗನಿಗೂ ಅವನ ಗೆಳೆಯರಿಗೂ ಹೆಚ್ಚಿನ ದರ ಒಪ್ಪಿಕೊಂಡರು. "ನಾಳೆ ಬೆಳಿಗ್ಗೆ ಎಲ್ಲಾ ಇಳಿಸ್ರಿ." ಒಂದು ಸಲ ಮರ ಬೋಳಾದರೆ ಕೇರಿಯ ಹುಡುಗರೂ ಕಾಯುವುದು ಬಿಡುತ್ತಾರೆ, ಕಟ್ಟಳೆ ಅಲ್ಲಿಗೆ ಮುಗಿಯಿತು ಎಂಬುದು ಅವರ ಅಂದಾಜು. ರೆಜೀನಾಳ ಹೆದರಿಕೆಯೂ ಅದೇ ಆಗಿತ್ತು.

ಮರುದಿನ ಬೆಳಿಗ್ಗೆ ಶಾನಭಾಗರು ಟೆಂಪೊ ತಂದು ನೋಡುತ್ತಾರೆ, ಪುಂಡಲೀಕನ ಗುಂಪು ಮರದ ಬುಡದಲ್ಲಿ ಕೂತಿದೆ. ಕತ್ತಿಗಳು ನೆಲದ ಮೇಲಿವೆ. ಪಕ್ಕದಲ್ಲಿ ರೆಜೀನಾ ಮತ್ತು ಅವಳ ಹುಡುಗರು.

"ಕೈಗೆ ಲಕ್ವ ಹೊಡೆದಿದೆಯೇನ್ರೋ?" ಶಾನಭಾಗರು ಕೂಗಿದರು.

ಪುಂಡಲೀಕ ಮರದ ಅಂಚು ತೋರಿಸಿದ. "ಇದು ನಮ್ಮವ್ವನ ಸೀರೆ ರೀ."

"ಹಾಗಾದ್ರೆ ಪಕ್ಕದ್ದು ಹತ್ತು."

"ಅದು ಇವನ ಅಜ್ಜೀದು. ಅದರಾಚೆಗಿನದು ನಮ್ಮ ದೊಡ್ಡವ್ವಂದು."

ಶಾನಭಾಗರು ತಪ್ಪಿದ್ದು ಇಲ್ಲೇ. ರೆಜೀನಾ ಆಚೆ ಊರಿನವರಿಗೂ ಕೌದಿ ಹೊಲಿಯುತ್ತಿದ್ದಳು. ಅಲ್ಲಿನ ಹೆಂಗಸರಿಗೆ ಕಟ್ಟಳೆ ತಿಳಿಸಿ, ಅವರು ಒಪ್ಪಿ ಕೊಟ್ಟ ಅಂಚುಗಳನ್ನೇ ಇಲ್ಲಿ ಕಟ್ಟಿದ್ದಳು.

"ನಾನೇನೂ ತಡೆದಿಲ್ಲ" ಎಂದಳು ರೆಜೀನಾ. "ಬಿಚ್ಚಿ, ಅವ್ವನ ಕೈಗೆ ಕೊಟ್ಟು ಬಾ, ಆಮೇಲೆ ಹತ್ತು ಅಂದೆ. ಏಳ್ತಾನೇ ಇಲ್ಲ."

"ಅವ್ವನ ಕೈಲಿ ಒದೆ ತಿನ್ನೋಕೆ ಶಾನಭಾಗ್ರ ದರ ಸಾಲೋದಿಲ್ಲ ಅಕ್ಕಾ" ಎಂದ ಪುಂಡಲೀಕ.

ಶಾನಭಾಗರು ಬಿದ್ದಿದ್ದ ಒಂದು ಹಳದಿ ಹಣ್ಣು ಎತ್ತಿ ಸೀಳಿದರು. ದಪ್ಪ ಸಿಪ್ಪೆ. ಹಸಿರು ಕಾಯಿ ಒಣಗಿದರೆ ಚರ್ಮದ ಹಾಗೆ ಸುರುಟುತ್ತದೆಂದು ಅವರಿಗೆ ಹಿಂದಿನಿಂದಲೂ ಗೊತ್ತು. ಗೊತ್ತಿದ್ದೂ ಕೊಂಡಿದ್ದರು, ತಾವು ಬಿಟ್ಟರೆ ಇನ್ನೊಬ್ಬ ವ್ಯಾಪಾರಿ ಕೊಳ್ಳುತ್ತಾನೆಂದು. ಇಷ್ಟೂ ಮರ ಹೋದರೆ ತೂಗಲು ಏನಿರುತ್ತದೆ?

"ಹಣ್ಣು ಬಿದ್ದ ಮೇಲೆ ಸಿಪ್ಪೆ ನನಗೇ ಕೊಡ್ತೀಯಾ?"

"ಸರಿಯಾದ ದರ ಕೊಟ್ರೆ."

"ಕೊಡ್ತೇನೆ. ಹಸಿರು ಕಾಯಿ ಇನ್ನು ನನ್ನ ತಕ್ಕಡಿ ಹತ್ತೋದಿಲ್ಲ." ಹೆಗಲ ಮೇಲಿನ ಶಲ್ಯದ ಅಂಚು ಹರಿದು, ಪುಂಡಲೀಕನ ಅವ್ವನ ಅಂಚಿನ ಪಕ್ಕದಲ್ಲೇ ಮರಕ್ಕೆ ಕಟ್ಟಿದರು.

"ಬಟ್ಟೆ ಕಟ್ಟಿದ ಮಾತ್ರಕ್ಕೆ ಮರ ನಿಮ್ಮದಾಗೋದಿಲ್ಲ, ಶಾನಭಾಗ್ರೇ."

"ಗೊತ್ತು ಮಾರಾಯ್ತಿ. ನಾಳೆ ನನಗೇ ಆಸೆಯಾಗಿ ಬಂದ್ರೆ ತಡೀಲಿ ಅಂತ ಕಟ್ಟಿದ್ದು."

ಟೆಂಪೊ ಖಾಲಿ ಹೋಯಿತು. ಆ ವರ್ಷದ ಮೊದಲ ಲೋಡು ಬೇರೆಯವರದ್ದಾಯಿತು. ಪುಂಡಲೀಕ ಮಾತ್ರ ಅಲ್ಲೇ ನಿಂತು, ತಮ್ಮ ಊರ ಕಡೆ ಹೊಸದಾಗಿ ಏಳುತ್ತಿದ್ದ ಎಳೆ ಮರಗಳಿಗೂ ಕಟ್ಟಲು ರೆಜೀನಾಳ ಹತ್ತಿರ ಅಂಚು ಕೇಳುತ್ತಿದ್ದ.

ನೀತಿ: ಇನ್ನೊಬ್ಬ ಕೀಳುತ್ತಾನೆಂದು ತಾನೂ ಕೀಳುವವನಿಗೆ ಕೊನೆಗೆ ಮರವೇ ಉಳಿಯುವುದಿಲ್ಲ. ಮೊದಲು ಒಬ್ಬರು ಕೈ ತಡೆದರೆ, ಅವರನ್ನು ನೋಡಿ ಎಳೆಯರು ಕಾಯುವುದನ್ನು ಕಲಿಯುತ್ತಾರೆ.